ಕಪ್ಪಿನ ಸರದಿ

ಮಾರ್ಚ್ ೪

ಮಸಿಯಣ್ಣನಿಗೆ ನಮಸ್ಕಾರ.

ಈ ಕೈಬರಹ ನಿಮಗೆ ಗುರುತು ಸಿಗುತ್ತದೋ ಇಲ್ಲವೋ. ನಾನು ಹಳದಿಯ ತಂಗಿ. ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದವಳು, ಈಗಲೂ ಅಲ್ಲೇ ಹೊಲಿಯುತ್ತಿರುವವಳು. ಅಣ್ಣ ಹೋದ ತಿಂಗಳು ಹನ್ನೊಂದಕ್ಕೆ ತೀರಿಕೊಂಡ. ಎದೆನೋವು ಎಂದು ಆಸ್ಪತ್ರೆಗೆ ಸೇರಿಸಿದೆ, ಒಂಬತ್ತು ದಿನ ಇದ್ದ. ನಿಮಗೆ ಯಾರಾದರೂ ಹೇಳಿರಬಹುದು ಎಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ, ಹೇಳುವವರು ನನ್ನನ್ನು ಬಿಟ್ಟು ಇನ್ನು ಯಾರೂ ಇಲ್ಲ.

ನಿಮ್ಮ ವಿಳಾಸ ಅವನ ಮೀಟರ್ ಪುಸ್ತಕದ ಕೊನೆಯ ಪುಟದಲ್ಲಿ ಸಿಕ್ಕಿತು. ಕೊನೆಯವರೆಗೂ ಮನೆಮನೆಯ ನೀರಿನ ಮೀಟರ್ ಓದುವ ಕೆಲಸವನ್ನೇ ಮಾಡಿಕೊಂಡಿದ್ದ. ನಿಮ್ಮ ವಿಳಾಸವನ್ನು ಮೂರು ಸಲ ಬರೆದಿದ್ದಾನೆ, ಮೊದಲಿನ ಎರಡನ್ನು ಹೊಡೆದುಹಾಕಿದ್ದಾನೆ. ನೀವು ಮನೆ ಬದಲಾಯಿಸಿದಾಗೆಲ್ಲ ಯಾರನ್ನೋ ಕೇಳಿ ಬರೆದುಕೊಂಡಿರಬೇಕು. ಕಾಗದ ಮಾತ್ರ ಹಾಕಲಿಲ್ಲ.

ಬರೆಯುವ ಕಾರಣ ಇದು. ಹಿಂದಿನ ಕೋಣೆಯ ದಾರದಲ್ಲಿ ಅವನು ಚಿತ್ರ ಅಚ್ಚು ಹಾಕುತ್ತಿದ್ದ ಮೂವತ್ತು ಹಾಳೆ ನೇತಾಡುತ್ತಿವೆ, ಬಟ್ಟೆಯ ಕ್ಲಿಪ್ಪು ಹಾಕಿ. ಹಳದಿ ಬಿದ್ದಿದೆ. ಹಳದಿಯ ಮೇಲೆ ಕೆಂಪು ಬಿದ್ದಿದೆ. ಕಪ್ಪು ಇಲ್ಲ. ನೀವಿಬ್ಬರೂ ಅಟ್ಟೆ ಹೊಲಿಯುವವರ ಹತ್ತಿರ ತರುತ್ತಿದ್ದಿರಲ್ಲ, ಚಪ್ಪಲಿ ಅಟ್ಟೆಯ ರಬ್ಬರ್ ಹಾಳೆ, ಅದು ಮೇಜಿನ ಮೇಲೆಯೇ ಇದೆ. ಕೆಂಪನ್ನು ಚೆನ್ನಾಗಿ ಒರೆಸಿ ಇಟ್ಟಿದ್ದಾನೆ. ಕಪ್ಪಿಗೆಂದು ಒಂದು ಪೆನ್ಸಿಲ್ ಗೆರೆಯನ್ನೂ ಎಳೆದಿಲ್ಲ. ಕೆಂಪು ಹಾಕಿ ಎರಡು ವರ್ಷವಾಯಿತು. ಕಪ್ಪು ಯಾವಾಗ ಎಂದು ಕೇಳಿದಾಗೆಲ್ಲ "ಒಣಗ್ಲಿ" ಅನ್ನುತ್ತಿದ್ದ. ಬಣ್ಣ ಒಣಗಲು ಎರಡು ದಿನ ಸಾಕೆಂದು ನನಗೂ ಗೊತ್ತು.

ನಿಮ್ಮ ಕೆಲಸ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಒಂದೇ ರಬ್ಬರ್ ಹಾಳೆ, ಒಂದು ಬಣ್ಣ ಹಾಕಿದ ಮೇಲೆ ಅದನ್ನೇ ಇನ್ನಷ್ಟು ಕೊರೆದು ಮುಂದಿನ ಬಣ್ಣ, ಕೊರೆದ ಕಡೆ ಹಿಂದಿನ ಬಣ್ಣ ಉಳಿಯುತ್ತದೆ, ಕೊರೆದದ್ದು ವಾಪಸ್ ಬರುವುದಿಲ್ಲ, ಇಷ್ಟು ಗೊತ್ತು. ಮೊದಲ ಬಣ್ಣ ಅವನದು, ಕೊನೆಯ ಕಪ್ಪು ನಿಮ್ಮದು ಎನ್ನುವುದೂ ಗೊತ್ತು. ಅಮ್ಮ ಅದಕ್ಕೇ ತಾನೇ ಅವನನ್ನು ಹಳದಿ ಎಂದೂ ನಿಮ್ಮನ್ನು ಮಸಿ ಎಂದೂ ಕರೆದದ್ದು. ಈಗ ಕಪ್ಪಿನ ಸರದಿ ಬಂದು ನಿಂತಿದೆ. ಅಟ್ಟೆಯವರಿಗೆ ತೋರಿಸಿದೆ. ರಬ್ಬರ್ ಗಟ್ಟಿಯಾಗುತ್ತಿದೆ, ಈ ಬೇಸಿಗೆ ಕಳೆದರೆ ಬಿರುಕು ಬಿಡುತ್ತದೆ ಅಂದರು.

ನೀವು ಬಂದು ಕೊರೆದುಕೊಡುತ್ತೀರಾ?

ಇಂತಿ,
ಹೊಲಿಗೆಯ ತಂಗಿ


ಮಾರ್ಚ್ ೨೩

ತಂಗೀ,

ನಿನ್ನ ಕಾಗದ ಬಂದ ದಿನ ಔಷಧಿ ಅಂಗಡಿಯೊಂದರ ಬೋರ್ಡು ಬರೆಯುತ್ತಿದ್ದೆ. ಏಣಿಯ ಮೇಲೆ ನಿಂತೇ ಓದಿದೆ. ಮಿಕ್ಕ ಎರಡು ಅಕ್ಷರಗಳನ್ನು ಮಾರನೆಯ ದಿನ ಬರೆದೆ.

ನಿನ್ನಣ್ಣನ ನೆನಪಾದರೆ ಮೊದಲು ಆ ಒಣಗದ ಮಸಿಯೇ ನೆನಪಾಗುತ್ತದೆ. ಅಂಗಡಿಯ ಮಸಿ ಯಾಕೆ, ನಾವೇ ಮಾಡೋಣ ಎಂದು ದೀಪದ ಕಾಡಿಗೆಗೆ ಅಡುಗೆ ಎಣ್ಣೆ ಕಲಸಿದೆವು. ಬೆಕ್ಕಿನ ಇಪ್ಪತ್ತು ಚಿತ್ರ ಹಚ್ಚಿ ಬಸ್ ನಿಲ್ದಾಣದ ಬೆಂಚುಗಳ ಮೇಲೆ ಒಂದೊಂದು ಇಟ್ಟು, ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡುತ್ತಿದ್ದೆವು. ಯಾರು ಮಾಡಿದ್ದೆಂದು ತಿಳಿಯಬಾರದು, ಬೇಕಾದವರು ಎತ್ತಿಕೊಂಡು ಹೋಗಬೇಕು. ಅದೇ ನಮ್ಮ ಪ್ರದರ್ಶನ. ಒಬ್ಬ ದಪ್ಪನೆಯ ಮನುಷ್ಯ ನೋಡದೆ ಕೂತು ಎದ್ದುಹೋದ. ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ನಮ್ಮ ಬೆಕ್ಕು ಪೂರ್ತಿಯಾಗಿ ಅಚ್ಚಾಗಿತ್ತು, ಮೀಸೆ ಸಮೇತ. "ಇಷ್ಟು ಚೆನ್ನಾಗಿ ಕಾಗದದ ಮೇಲೂ ಬಂದಿರ್ಲಿಲ್ಲ ಕಣೋ" ಅಂದ ನಿನ್ನಣ್ಣ. ಎಣ್ಣೆ ಕುದಿಸದೆ ಮಸಿ ಒಣಗುವುದಿಲ್ಲ ಎಂದು ಕಲಿತದ್ದು ಅವತ್ತು.

ಆದರೆ ನನ್ನ ಕೈಗೆ ಉಳಿ ಕೊಡಬೇಡ. ನಿಮ್ಮ ಅಮ್ಮನ ಚಿತ್ರ ಕೆಟ್ಟ ಮೇಲೆ ನಾನು ಉಳಿ ಹಿಡಿದಿಲ್ಲ. ಈಗ ಬೋರ್ಡು ಬರೆಯುತ್ತೇನೆ, ತಪ್ಪಿದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ನನ್ನಂಥವನಿಗೆ ಅದೇ ಸರಿ. ಆ ದಿನ ಬೆಳಗ್ಗೆ ನಾನು ಕಪ್ಪನ್ನು ಕೊರೆದು ಮುಗಿಸಿದಾಗ ಅಮ್ಮನ ತುಟಿಯ ಗೆರೆ ಇತ್ತು ಎಂದು ನನ್ನ ಕಣ್ಣು ಇವತ್ತಿಗೂ ಹೇಳುತ್ತದೆ. ಮಧ್ಯಾಹ್ನ ಮೊದಲ ಹಾಳೆ ಎತ್ತಿದಾಗ ಬಾಯಿ ಇರಲಿಲ್ಲ. ನಲವತ್ತು ಹಾಳೆ, ಮೂರು ತಿಂಗಳ ಕೆಲಸ, ಅಮ್ಮ ಹೋಗಿ ಇನ್ನೂ ಐದು ತಿಂಗಳು. ನಿನ್ನಣ್ಣ ಆಡಿದ ಮಾತು ನಿನಗೂ ಕೇಳಿಸಿರಬೇಕು, ನಡುವೆ ಪರದೆ ಒಂದೇ ಇದ್ದದ್ದು.

"ನಿನ್ನ ಕೈಗೆ ಅಮ್ಮನ ಮುಖ ಕೊಟ್ಟಿದ್ದೇ ನನ್ನ ತಪ್ಪು."

ಅವನ ಮೇಲೆ ಸಿಟ್ಟಿಲ್ಲ. ನನ್ನ ಅಮ್ಮನಾಗಿದ್ದರೆ ನಾನೂ ಅನ್ನುತ್ತಿದ್ದೆ. ಮತ್ತೆ ಯಾರ ಮುಖವನ್ನೂ ನನ್ನ ಕೈಗೆ ಕೊಡಬೇಡ ತಂಗೀ. ಹಾಳೆಗಳನ್ನು ಹಾಗೇ ಇಡು.

ಇಂತಿ,
ಮಸಿ


ಏಪ್ರಿಲ್ ೬

ಮಸಿಯಣ್ಣನಿಗೆ,

ಬೆಕ್ಕಿನ ವಿಷಯ ಓದಿ ನಕ್ಕೆ. ಅಣ್ಣ ಹೋದ ಮೇಲೆ ಮನೆಯಲ್ಲಿ ನಕ್ಕ ಸದ್ದು ಅದೇ ಮೊದಲು. ಬಟ್ಟೆ ಅಳತೆಗೆ ಬಂದಿದ್ದ ಟೀಚರಮ್ಮ ನನ್ನ ಮುಖವನ್ನೇ ನೋಡಿದರು.

ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದ ಕಾಲವೂ ನೆನಪಿದೆಯಲ್ಲ ನಿಮಗೆ? ನೀವಿಬ್ಬರೂ ಊರೆಲ್ಲ ಅಂಟಿಸಿ ಬಂದು ಮಹಾರಾಜರ ಹಾಗೆ ಮಲಗಿದ್ದಿರಿ. ಬೀದಿ ಗುಡಿಸುವ ಅಕ್ಕ ಬಾಗಿಲಿಗೇ ಬಂದಳು. ಅಣ್ಣನ ಉಗುರಿನ ಬಣ್ಣ ನೋಡಿಯೇ ಪತ್ತೆ ಮಾಡಿದ್ದಳು. "ಅಂಟಿಸೋರು ನೀವು, ಕೆರೆಯೋಳು ನಾನು. ನಿಮ್ಮ ಕಲೆ ನನ್ನ ಬೆನ್ನಿಗೆ ಯಾಕಪ್ಪಾ?" ಎಂದು ಕೇಳಿದಳು. ಅಣ್ಣ ಬಕೆಟ್ಟು ಹಿಡಿದು ಅವಳ ಜೊತೆ ಹೋಗಿ ಎಲ್ಲವನ್ನೂ ಕೆರೆದು ಬಂದ. ಬೆಂಚಿನ ಮೇಲೆ ಇಡುವ ಪದ್ಧತಿ ಶುರುವಾದದ್ದು ಅಲ್ಲಿಂದ. ಯಾರಿಗೂ ಕೆಲಸ ಹೆಚ್ಚಿಸಬಾರದು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ.

ಆಗ ಅಮ್ಮನ ಸೌಟುಗಳೆಲ್ಲ ನಿಮ್ಮ ಮೇಜಿನ ಮೇಲೇ ಇರುತ್ತಿದ್ದವು. ಸೌಟಿನ ಬೆನ್ನಿನಿಂದ ಉಜ್ಜಿದರೆ ಕಾಗದಕ್ಕೆ ಬಣ್ಣ ಚೆನ್ನಾಗಿ ಹತ್ತುತ್ತದೆ ಎಂದು ಕಂಡುಹಿಡಿದಿದ್ದಿರಲ್ಲ. ಈ ಮನೆಯಲ್ಲಿ ಸೌಟು ಹುಡುಕಿದರೆ ಬಣ್ಣ ಸಿಗುತ್ತದೆ, ಬಣ್ಣ ಹುಡುಕಿದರೆ ಸೌಟು ಸಿಗುತ್ತದೆ ಎಂದು ಅಮ್ಮ ಗೊಣಗುತ್ತಿದ್ದಳು. ಮರೆಯಲ್ಲಿ ಮಾತ್ರ ನೆಂಟರಿಗೆಲ್ಲ ನಿಮ್ಮ ಚಿತ್ರ ತೋರಿಸುತ್ತಿದ್ದಳು.

ನಾನು ದಿನವೂ ನಾಲ್ಕು ಸಾಲು ಬರೆದಿಡುತ್ತೇನೆ, ಚಿಕ್ಕಂದಿನ ಅಭ್ಯಾಸ. ನೀವು ಹೋದ ದಿನದ ಪುಟ ತೆಗೆದು ನೋಡಿದೆ. "ಅಚ್ಚು ಕೆಟ್ಟಿತು. ಮಸಿಯಣ್ಣ ಹೋದರು. ಇಬ್ಬರೂ ಊಟ ಮಾಡಲಿಲ್ಲ" ಎಂದಿದೆ. ಅಷ್ಟೇ. ಬರೆಯಬೇಕಾದದ್ದು ಇನ್ನೂ ಇತ್ತು.

ದಾರದಿಂದ ಒಂದು ಹಾಳೆ ಬಿಡಿಸಿ ಸುರುಳಿ ಮಾಡಿ ಕಳಿಸಿದ್ದೇನೆ. ನನಗೆ ಅದು ಬರೀ ಕಲೆಗಳ ಹಾಗೆ ಕಾಣುತ್ತದೆ. ನಿಮಗೆ ಏನಾದರೂ ಕಾಣಬಹುದು.

ನಿಮ್ಮ ಕೈ ಅವತ್ತು ಸರಿಯಾಗೇ ಇತ್ತು. ಅದು ನನಗೆ ಗೊತ್ತು.

ಇಂತಿ,
ತಂಗಿ


ಏಪ್ರಿಲ್ ೨೧

ತಂಗೀ,

ಹಾಳೆಯನ್ನು ಗೋಡೆಗೆ ಸಿಕ್ಕಿಸಿ ನಾಲ್ಕು ದಿನ ಬರುತ್ತಾ ಹೋಗುತ್ತಾ ನೋಡಿದೆ. ಐದನೆಯ ದಿನ ಹಲ್ಲುಜ್ಜುತ್ತಾ ನಿಂತಿದ್ದಾಗ ಅದು ತಾನಾಗಿ ಕಾಣಿಸಿತು.

ಮೇಲಿನ ಹಳದಿ ಚೌಕ ನಿಮ್ಮ ಹಿಂದಿನ ಕೋಣೆಯ ಕಿಟಕಿ. ಮಧ್ಯದ ಉದ್ದನೆಯ ಕೆಂಪು ನಮ್ಮ ಮೇಜು. ಅದರ ಮೇಲಿನ ಮೂರು ಬಿಳಿ ಚುಕ್ಕೆ ಸೌಟುಗಳ ಹೊಳಪು. ಬಾಗಿಲಿನಾಚೆ ಅರ್ಧ ಕಾಣುವ ಹಳದಿ ಉಂಗುರ ನಿನ್ನ ಯಂತ್ರದ ಚಕ್ರ. ಎಡಗಡೆ ಹಳದಿ ಹಣೆ, ಬಿಳಿಯ ಕನ್ನಡಕ, ಅದು ಅವನು. ಬಲಗಡೆ ಏನೂ ಕೊರೆಯದೆ ಒಂದು ದೊಡ್ಡ ಕೆಂಪು ಜಾಗ ಬಿಟ್ಟಿದ್ದಾನೆ. ನನ್ನ ಸ್ಟೂಲು ಇದ್ದದ್ದು ಅಲ್ಲಿ. ಹಾಗೇ ಕಪ್ಪು ಹಚ್ಚಿದರೆ ಅಲ್ಲಿ ಬರೀ ಕಪ್ಪು ಗುಡ್ಡೆ ಬರುತ್ತದೆ. ಯಾರಾದರೂ ಕೊರೆದರೆ ಮಾತ್ರ ಮನುಷ್ಯ ಆಗುತ್ತಾನೆ.

ಎರಡು ವರ್ಷ ಒಣಗಲಿ ಅಂದದ್ದು ಇದಕ್ಕಾಗಿಯೇ? ಒಂದು ಕಾರ್ಡು ಹಾಕಲು ಅವನಿಗೆ ಏನಾಗಿತ್ತು? ನನಗಾದರೂ ಏನಾಗಿತ್ತು?

ಕೊರೆಯಲು ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಹಳೆಯ ಉಳಿ ಹುಡುಕಿ ತೆಗೆದೆ. ತುಕ್ಕು ಒರೆಸಿ ಹಿಡಿದೆ. ಆ ಬಾಯಿಯೇ ಕಣ್ಣ ಮುಂದೆ ಬರುತ್ತದೆ. ವಾಪಸ್ ಇಟ್ಟೆ.

ನನ್ನ ಕೈ ಸರಿಯಿತ್ತು ಎಂದು ಬರೆದಿದ್ದೀಯ. ನೀನು ಹೊಲಿಗೆಯವಳು, ಅಚ್ಚಿನ ಹತ್ತಿರ ಬಂದವಳಲ್ಲ. ಸಮಾಧಾನಕ್ಕೆ ಬರೆದಿದ್ದರೆ ಬೇಡ. ನಿಜವಾಗಿ ಗೊತ್ತಿದ್ದರೆ, ಹೇಗೆ ಗೊತ್ತು ಎಂದು ಬರೆ.

ಇಂತಿ,
ಮಸಿ


ಮೇ ೨

ಮಸಿಯಣ್ಣನಿಗೆ,

ಈ ಕಾಗದವನ್ನು ಆರು ಸಲ ಹರಿದು ಬರೆದಿದ್ದೇನೆ. ಇದನ್ನು ಮತ್ತೆ ಓದದೆಯೇ ಅಂಚೆಗೆ ಹಾಕುತ್ತೇನೆ.

ಅಮ್ಮನ ತುಟಿ ತೆಗೆದವಳು ನಾನು.

ಆ ದಿನ ನೀವು ಕೊರೆದು ಮುಗಿಸಿ ಅಣ್ಣನ ಜೊತೆ ಟೀಗೆ ಹೋದಿರಿ. ರಬ್ಬರಿನ ಚೂರು ಗುಡಿಸಲು ನಾನು ಒಳಗೆ ಬಂದೆ. ಅಚ್ಚಿನಲ್ಲಿ ಅಮ್ಮನ ಮುಖ ನೋಡಿದೆ. ತುಟಿಯ ತುದಿ ಕೆಳಗೆ ಬಾಗಿದ ಹಾಗೆ ಕಂಡಿತು. ಕೊನೆಯ ವಾರಗಳಲ್ಲಿ ಅವಳು ನನ್ನ ಕೈಯಿಂದ ಊಟ ಮಾಡಲು ಒಪ್ಪುತ್ತಿರಲಿಲ್ಲ. ಚಮಚ ತಂದರೆ ತುಟಿಯನ್ನು ಹೀಗೇ ಮಾಡುತ್ತಿದ್ದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಆ ಬಾಯಿ ಕೂರುತ್ತದಲ್ಲ ಎಂದು ತಡೆಯಲಾಗಲಿಲ್ಲ. ದಾರ ಕತ್ತರಿಸುವ ಚಿಕ್ಕ ಕತ್ತರಿ ಕೊರಳಲ್ಲೇ ಇತ್ತು. ತುದಿಯಿಂದ ಒಂದು ಕೂದಲಿನಷ್ಟು ಸರಿ ಮಾಡೋಣ, ನಗುವ ಹಾಗೆ ಆಗಲಿ ಎಂದುಕೊಂಡೆ. ನನ್ನ ಕೆಲಸದಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಬಹುದು. ರಬ್ಬರೂ ಬಟ್ಟೆಯ ಹಾಗೇ ಎಂದುಕೊಂಡು ಮುಟ್ಟಿದೆ. ಕತ್ತರಿ ಸಿಕ್ಕಿಕೊಂಡಿತು, ಎಳೆದೆ, ತುಟಿಯ ಗೆರೆ ಪೂರ್ತಿಯಾಗಿ ಎದ್ದು ಬಂತು. ಹುಳದ ಹಾಗೆ ಬೆರಳಿನ ಮೇಲೆ ಕೂತಿತು. ಉಳಿದ ಚೂರಿನ ಜೊತೆ ಅದನ್ನೂ ಗುಡಿಸಿಬಿಟ್ಟೆ.

ನೀವು ಹಾಳೆ ಎತ್ತಿದಾಗ ಹೇಳಬೇಕು ಎಂದೇ ಇದ್ದೆ. ಅಣ್ಣನ ದನಿ ಏರಿತು. ನಾನು ಪರದೆಯ ಈಚೆ ಯಂತ್ರ ತುಳಿಯುತ್ತಾ ಕೂತೆ. ಸೂಜಿಯಲ್ಲಿ ದಾರ ಇರಲಿಲ್ಲ. ನೀವು ಚೀಲ ಹಿಡಿದು ನನ್ನ ಪಕ್ಕದಲ್ಲೇ ದಾಟಿಕೊಂಡು ಹೋದಿರಿ. "ಬರ್ತೀನಿ ತಂಗಿ" ಅಂದಿರಿ. ನಾನು ತಲೆ ಎತ್ತಲಿಲ್ಲ.

ನಾಳೆ ಹೇಳೋಣ ಎಂದು ಹನ್ನೊಂದು ವರ್ಷವಾಯಿತು. ಆ ನಲವತ್ತು ಹಾಳೆಗಳನ್ನು ಅಣ್ಣ ಎಸೆಯಲಿಲ್ಲ, ಬಟ್ಟೆಯ ಅಳತೆ ತೆಗೆಯಲು ಇಟ್ಟುಕೋ ಎಂದು ನನಗೇ ಕೊಟ್ಟ. ಅಮ್ಮನ ಮುಖದ ಬೆನ್ನಿನ ಮೇಲೆ ಎಷ್ಟು ಮಕ್ಕಳ ಸಮವಸ್ತ್ರದ ತೋಳು ಬರೆದು ಕತ್ತರಿಸಿದ್ದೇನೋ. ಯಾಕೆ ನನಗೇ ಕೊಟ್ಟ? ಅವನಿಗೆ ಗೊತ್ತಿತ್ತೇ? ಆಸ್ಪತ್ರೆಯಲ್ಲಿ ಏಳನೆಯ ದಿನ ಹೇಳಲೆಂದು ಬಾಯಿ ತೆರೆದೆ. ದಿಂಬು ಸ್ವಲ್ಪ ಎತ್ತು ಅಂದ. ಎತ್ತಿದೆ. ಆಮೇಲೆ ಅವನಿಗೆ ನಿದ್ದೆ ಬಂತು.

ಕ್ಷಮಿಸಿ ಎಂದು ಬರೆಯಲು ಮುಖವಿಲ್ಲ. ಆದರೆ ನಿಮ್ಮ ಕೈ ಸರಿಯಾಗಿತ್ತು ಎಂದು ಇನ್ನು ಮೇಲಾದರೂ ನಂಬಿ.

ಹೊಲಿಗೆಯವಳು


ಜೂನ್ ೯

ಕಾಗದ ಬಂದು ಒಂದು ತಿಂಗಳು ದಾಟಿತು. ಉತ್ತರ ಬರೆಯಬಾರದು ಎಂದಿದ್ದೆ.

ಹನ್ನೊಂದು ವರ್ಷ ನನ್ನ ಬಲಗೈಯನ್ನು ಮನೆಗೆ ನುಗ್ಗಿದ ಕಳ್ಳನನ್ನು ಕಾಯುವ ಹಾಗೆ ಕಾದುಕೊಂಡು ಬದುಕಿದ್ದೇನೆ. ನನ್ನ ಮಗಳು ಚಿತ್ರ ಬರೆದುಕೊಡು ಎಂದು ಕೇಳಿದಾಗ ಬರುವುದಿಲ್ಲ ಎಂದಿದ್ದೇನೆ. ನನ್ನ ವಿಳಾಸ ಗೊತ್ತಿರಲಿಲ್ಲ ಎನ್ನಬೇಡ. ಅವನು ನಿನ್ನ ಜೊತೆ ಒಂದೇ ಸೂರಿನಡಿ ಇದ್ದ. ಅವನಿಗೆ ಒಂದು ಮಾತು ಹೇಳಿದ್ದರೆ ಮಾರನೆಯ ಬಸ್ಸಿಗೆ ಬಂದು ನನ್ನ ಬಾಗಿಲು ಬಡಿಯುತ್ತಿದ್ದ.

ಇನ್ನು ಬರೆಯಬೇಡ.

ಬೋರ್ಡು ಬರೆಯುವವನು


ಜೂನ್ ೧೮

ಬರೆಯಬೇಡ ಅಂದಿದ್ದೀರಿ. ಪೊಟ್ಟಣದಲ್ಲಿ ಏನಿದೆ ಎಂದು ತಿಳಿಯಲಿ ಎಂದಷ್ಟೇ ಈ ಚೀಟಿ.

ಇದು ಆ ರಬ್ಬರ್ ಹಾಳೆ. ಅಟ್ಟೆಯವರು ಎಣ್ಣೆ ಸವರಿ ಎರಡು ಹಲಗೆಗಳ ನಡುವೆ ಕಟ್ಟಿಕೊಟ್ಟಿದ್ದಾರೆ. ಒಂದು ಮೂಲೆಯಲ್ಲಿ ಆಗಲೇ ಕೂದಲಿನಂಥ ಬಿರುಕು ಕಾಣುತ್ತಿದೆ. ಬಲಗಡೆಯ ಜಾಗ ಅಣ್ಣ ನಿಮಗೆಂದು ಬಿಟ್ಟದ್ದು, ಅದನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಕೊರೆಯಿರಿ, ಎಸೆಯಿರಿ, ನಾನು ಕೇಳುವುದಿಲ್ಲ. ಹಾಳೆಗಳು ದಾರದಲ್ಲೇ ಇವೆ.

ಹೊಲಿಗೆಯವಳು


ಆಗಸ್ಟ್ ೨೫

ತಂಗೀ,

ಪೊಟ್ಟಣವನ್ನು ಹದಿನೈದು ದಿನ ಬಿಚ್ಚಲಿಲ್ಲ. ಮಗಳು ಬಿಚ್ಚಿದಳು. ಇದು ಯಾರು ಎಂದು ಕನ್ನಡಕದವನನ್ನು ತೋರಿಸಿ ಕೇಳಿದಳು. ಹೇಳಲು ಹೋಗಿ ಎರಡು ಗಂಟೆ ಹೇಳಿದೆ. ಬೆಕ್ಕು, ಗುಡಿಸುವ ಅಕ್ಕ, ಎಲ್ಲ. ಕೇಳಿ ಮುಗಿಸಿ, "ಅಷ್ಟೆಲ್ಲ ಬರ್ತಿದ್ರೆ ಬರಲ್ಲ ಅಂತ ಯಾಕಂದೆ ಅಪ್ಪಾ?" ಅಂದಳು.

ಒಂದು ವಾರ ಹಳೆಯ ಅಟ್ಟೆಗಳ ಮೇಲೆ ಕೈ ಪಳಗಿಸಿದೆ. ಆಮೇಲೆ ರಬ್ಬರನ್ನು ಬಿಸಿಲಿಗಿಟ್ಟು, ಮೆತ್ತಗಾದಷ್ಟು ಹೊತ್ತು ಕೊರೆದು, ಗಟ್ಟಿಯಾದರೆ ಮತ್ತೆ ಬಿಸಿಲಿಗಿಟ್ಟೆ. ನನ್ನ ಜಾಗದಲ್ಲಿ ನನ್ನನ್ನೇ ಕೊರೆದಿದ್ದೇನೆ, ಆಗಿನವನನ್ನಲ್ಲ, ಈಗಿನ ಬೋಳುತಲೆಯವನನ್ನು. ಮುಂದೆ ಎಲ್ಲಾದರೂ ಸಿಕ್ಕಿದಾಗ ಅವನಿಗೆ ಗುರುತು ಸಿಗಬೇಕಲ್ಲ. ಬಾಗಿಲಿನಾಚೆ ನಿನ್ನನ್ನು ಕೊರೆಯಲು ಮನಸ್ಸು ಬರಲಿಲ್ಲ. ಮೂರು ದಿನ ಬಿಟ್ಟೆ. ನೀನಿಲ್ಲದೆ ಆ ಚಕ್ರ ಸುಮ್ಮನೆ ಅಲ್ಲಿ ನೇತಾಡುತ್ತಿತ್ತು. ಕೊನೆಗೆ ಕೊರೆದೆ. ಬೆನ್ನು ಮಾತ್ರ. ಮುಖ ನೋಡಲು ನನಗೆ ಇನ್ನೂ ಆಗುತ್ತಿಲ್ಲ, ಇದನ್ನು ನಿನಗೆ ನೇರವಾಗಿಯೇ ಹೇಳುತ್ತೇನೆ.

ಈಗ ಮುಖ್ಯ ವಿಷಯ. ನಿನ್ನಣ್ಣನ ಕೆನ್ನೆ ಕೊರೆಯುವಾಗ ಉಳಿ ಜಾರಿತು. ಕೆನ್ನೆಯಿಂದ ಕಿವಿಯವರೆಗೆ ಒಂದು ಗೆರೆ ಎದ್ದುಹೋಗಿದೆ. ಕಪ್ಪು ಹಚ್ಚಿದಾಗ ಅಲ್ಲಿ ಕೆಳಗಿನ ಕೆಂಪು ಕಾಣುತ್ತದೆ, ಗಾಯದ ಹಾಗೆ. ಈ ಸಲ ನಿಜಕ್ಕೂ ನನ್ನ ಕೈಯೇ. ಯಾರೂ ಕೋಣೆಗೆ ಬಂದಿರಲಿಲ್ಲ.

ಒಂದು ಮಾತು ನಿನಗೆ ಗೊತ್ತಿಲ್ಲ. ಹೊಸ ರಬ್ಬರ್ ಹಾಳೆ ತಂದು ಕಪ್ಪನ್ನಷ್ಟೇ ಬೇರೆಯಾಗಿ ಕೊರೆಯಬಹುದು. ಹೊಂದಿಸುವುದು ಕಷ್ಟ, ಆದರೆ ಆಗುತ್ತದೆ. ಅಮ್ಮನ ಚಿತ್ರಕ್ಕೂ ಆಗುತ್ತಿತ್ತು. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹದಿನೈದು ದಿನದ ಕೆಲಸ. ಇನ್ನೊಮ್ಮೆ ಕೊರೆಯೋಣ ಎಂದು ನಾನು ಅನ್ನಲಿಲ್ಲ, ಅವನೂ ಅನ್ನಲಿಲ್ಲ. ತುಟಿ ತೆಗೆದದ್ದು ನೀನು. ಹನ್ನೊಂದು ವರ್ಷ ತೆಗೆದದ್ದು ನಾವು ಮೂವರೂ.

ಕೊರೆದ ರಬ್ಬರನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಕೆನ್ನೆಯ ಗೆರೆ ಬೇಡವಾದರೆ ಬರೆ, ಹೊಸದಾಗಿ ಕೊರೆದು ಕಳಿಸುತ್ತೇನೆ. ನನ್ನನ್ನು ಕೇಳಿದರೆ ಹಾಗೇ ಹಚ್ಚು. ಮಸಿಯನ್ನು ಉರುಳೆಯಲ್ಲಿ ತೆಳ್ಳಗೆ ಎರಡು ಸಲ ಎಳೆ, ದಪ್ಪಗೆ ಒಂದು ಸಲ ಬೇಡ. ಹಾಳೆ ಕೂರಿಸಲು ಮೇಜಿನ ಮೂಲೆಯಲ್ಲಿ ಅವನು ಹೊಡೆದ ರಟ್ಟಿನ ಅಂಚು ಇರಬೇಕು, ಅದಕ್ಕೆ ತಾಗಿಸು. ಉಜ್ಜುವಾಗ ಅವಸರ ಮಾಡಬೇಡ.

ಇಂತಿ,
ಮಸಿ


ಸೆಪ್ಟೆಂಬರ್ ೧೩

ಮಸಿಯಣ್ಣನಿಗೆ,

ಹಾಗೇ ಹಚ್ಚಿದೆ.

ನಿಮ್ಮ ಹತ್ತಿರ ಇರುವುದೊಂದನ್ನು ಬಿಟ್ಟು ಇಪ್ಪತ್ತೊಂಬತ್ತು ಹಾಳೆ ಇದ್ದವು. ಮೊದಲ ಮೂರು ಓರೆಯಾದವು, ನಿಮಗೆ ಎರಡು ಬೋಳುತಲೆ ಬಂದವು. ನಾಲ್ಕನೆಯದರಿಂದ ಸರಿಹೋಯಿತು. ಹಾಳೆಯ ಮೂಲೆ ಹಿಡಿದು ಎತ್ತುವಾಗ ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದೆ. ಕೋಣೆ, ಕಿಟಕಿ, ಮೇಜು, ನೀವು, ಅವನು. ಇಪ್ಪತ್ತಾರು ಸಲ ಅವನು ಕಾಗದದ ಕೆಳಗಿನಿಂದ ಎದ್ದು ಬಂದ. ನನ್ನ ಬೆನ್ನು ಇಷ್ಟು ಬಾಗಿದೆಯೆಂದು ಗೊತ್ತಿರಲಿಲ್ಲ. ಬೆನ್ನು ಸಾಕು ಮಸಿಯಣ್ಣ, ನಾನು ಇನ್ನೇನನ್ನೂ ಕೇಳುವುದಿಲ್ಲ.

ಓರೆಯಾದ ಮೂರನ್ನು ನಾನು ಇಟ್ಟುಕೊಂಡೆ. ಅವುಗಳ ಬೆನ್ನಿನ ಮೇಲೆ ಅಳತೆ ಬರೆಯುವುದಿಲ್ಲ.

ಒಂದನ್ನು ನಿಮಗೆ ಕಳಿಸಿದ್ದೇನೆ. ಉಳಿದ ಇಪ್ಪತ್ತೈದನ್ನು ಅಣ್ಣ ಮೀಟರ್ ಓದುತ್ತಿದ್ದ ಬೀದಿಗಳಲ್ಲೇ ಇವತ್ತು ಬೆಳಗ್ಗೆ ಇಟ್ಟುಬಂದೆ. ಎರಡನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟೆ. ಒಂದನ್ನು ಆಸ್ಪತ್ರೆಯ ಹೊರ ಹಜಾರದಲ್ಲಿಟ್ಟೆ, ಒಂಬತ್ತು ದಿನ ನಾನು ಕೂತಿದ್ದ ಕುರ್ಚಿಯ ಮೇಲೆ. ಕೊನೆಯದನ್ನು ಬಸ್ ನಿಲ್ದಾಣದಲ್ಲಿಟ್ಟು ಎದುರಿಗೆ ಹೋಗಿ ಕೂತೆ. ಟೀ ಅಂಗಡಿ ಈಗ ಇಲ್ಲ, ಕಟ್ಟೆಯೊಂದು ಉಳಿದಿದೆ.

ಗಂಡ ಹೆಂಡತಿ ಬಂದರು, ವಯಸ್ಸಾದವರು. ಕೂರುವ ಮೊದಲು ಆಕೆ ಹಾಳೆಯನ್ನು ಎತ್ತಿಕೊಂಡರು. ಬಸ್ಸಿನ ಸದ್ದಿನಲ್ಲಿ ಅವರ ಮಾತೆಲ್ಲ ನನಗೆ ಕೇಳಿಸಲಿಲ್ಲ. ಆಕೆ ಅಣ್ಣನ ಕೆನ್ನೆಯ ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಇವನಿಗೆ ಏನಾಗಿತ್ತೋ ಪಾಪ ಎಂದು ಗಂಡನನ್ನು ಕೇಳಿದರು.

ಗಂಡ ಬಗ್ಗಿ ನೋಡಿದರು. "ಕೆಲಸ ಮಾಡೋವಾಗ ತಾಗಿರುತ್ತೆ ಬಿಡು," ಅಂದರು. "ನಗ್ತಾನೇ ಇದಾನಲ್ಲ."

ಆಕೆ ಹಾಳೆಯನ್ನು ಮಡಚಲಿಲ್ಲ. ಗಂಡನ ಕೈಯಿಂದ ದಿನಪತ್ರಿಕೆ ತೆಗೆದುಕೊಂಡು, ಅದರೊಳಗೆ ಸುರುಳಿ ಸುತ್ತಿ, ಬಸ್ಸು ಹತ್ತಿದರು. ನನಗೆ ಪಕ್ಕಕ್ಕೆ ತಿರುಗಿ ಹೇಳಬೇಕು ಅನ್ನಿಸಿತು, ನೋಡು, ತಗೊಂಡು ಹೋದರು ಎಂದು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದವಳೇ, ಉಗುರಿನ ಮಸಿ ಇನ್ನೂ ಹೋಗದ ಕೈಯಲ್ಲೇ ನಿಮಗೆ ಬರೆಯಲು ಕೂತಿದ್ದೇನೆ.

ತಗೊಂಡು ಹೋದರು, ಮಸಿಯಣ್ಣ.

ಇಂತಿ,
ಹಳದಿಯ ತಂಗಿ